ಅವ್ವ ತಿದ್ದದೇ ಬಿಟ್ಟ ವಾಕ್ಯ

ಇವತ್ತು ಬೆಳಿಗ್ಗೆ ಕಾಗೆಯೊಂದು ನನ್ನ ತಲೆ ಮುಟ್ಟಿ ಹೋಯಿತು. ತಲೆಗೆ ನೀರು ಹಾಕಿಕೊಂಡು ತಾರಸಿಯ ಮೇಲೆ ಬಿಸಿಲಿಗೆ ಕೂತಿದ್ದೆ. ಒಣಗಿಸಿಕೊಳ್ಳುವಂಥ ಕೂದಲೇನೂ ಈ ವಯಸ್ಸಿಗೆ ಉಳಿದಿಲ್ಲ, ಅಭ್ಯಾಸ, ಅಷ್ಟೆ. ಹಿಂದಿನಿಂದ ರೆಕ್ಕೆಯ ಗಾಳಿ ಬಂತು, ನೆತ್ತಿಯ ಮೇಲೆ ಉಗುರು ಊರಿದಂತಾಯಿತು. ನಾನು ಕೈ ಎತ್ತುವಷ್ಟರಲ್ಲಿ ಅದು ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು, ಏನೂ ಮಾಡಿಲ್ಲದವರ ಹಾಗೆ ಕೊಕ್ಕು ಒರೆಸಿಕೊಳ್ಳುತ್ತಿತ್ತು.

ನನಗೆ ಶಾಕ್ ಆಯಿತು ಎಂದರೆ ಮಗಳು ನಗುತ್ತಾಳೆ. ಹಾಲು ಉಕ್ಕಿದರೂ ನಿನಗೆ ಶಾಕ್ ಆಗುತ್ತದಲ್ಲಮ್ಮ ಎನ್ನುತ್ತಾಳೆ. ಅವಳು ಕಾಲೇಜಿಗೆ ಪಾಠ ಮಾಡಲು ಹೋಗಿದ್ದಳು. ಮನೆಯಲ್ಲಿದ್ದವಳು ನಮ್ಮ ಕೆಲಸದ ರುದ್ರವ್ವ. ಒಗೆದ ಬಟ್ಟೆ ಹರವಲು ಮೇಲೆ ಬಂದವಳು ಎಲ್ಲ ನೋಡಿಬಿಟ್ಟಿದ್ದಳು.

"ಅಮ್ಮಾರೆ, ಕಾಗಿ ಮುಟ್ತಲ್ರಿ."

"ಮುಟ್ಟಲಿ ಬಿಡು. ಅದರಿಂದ ನನ್ನ ಗಂಟೇನು ಹೋಯಿತು."

"ಹಂಗನಬ್ಯಾಡ್ರಿ. ಯಾರಿಗರ ಫೋನ್ ಹಚ್ಚಿ, ನೀವು ಹೋಗಿಬಿಟ್ರಿ ಅಂತ ಹೇಳಿಸ್ರಿ. ಇಲ್ಲಾಂದ್ರ ವಾಟ್ಸಾಪಿನಾಗ ಸ್ಟೇಟಸ್ ಹಾಕ್ರಿ. ಮಧ್ಯಾಹ್ನದೊಳಗ ಎಲ್ಲರೂ ಅತ್ತು ಮುಗಿಸ್ತಾರೆ."

ನಿಮ್ಮ ಕಡೆ ಈ ಪದ್ಧತಿ ಇದೆಯೋ ಇಲ್ಲವೋ. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ ಎಂದು ನಮ್ಮವರ ನಂಬಿಕೆ. ಪರಿಹಾರವೂ ಉಂಟು. ಮುಟ್ಟಿಸಿಕೊಂಡವರು ಸತ್ತರು ಎಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅಳಬೇಕು. ಆ ಅಳುವನ್ನು ಕೇಳಿ ಸಾವು, ಓ ಇಲ್ಲಿ ನನ್ನ ಕೆಲಸ ಆಗಿಹೋಗಿದೆ ಎಂದುಕೊಂಡು ಹಿಂದಕ್ಕೆ ಹೋಗುತ್ತದೆ. ಆಮೇಲೆ ನಿಜ ತಿಳಿಸಿ, ಬೈಸಿಕೊಂಡು, ಸಿಹಿ ಮಾಡಿ ಉಣ್ಣುವುದು. ಸಾವಿಗೆ ಇಷ್ಟು ಸುಲಭವಾಗಿ ಮೋಸ ಮಾಡಬಹುದೆಂದು ಕಂಡುಹಿಡಿದವರು ಯಾರೋ, ನನಗೆ ಅವರ ಮೇಲೆ ಅಭಿಮಾನವಿದೆ.

ರುದ್ರವ್ವನಿಗೆ ನಾನು ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಕಾಗೆ ನನ್ನನ್ನು ಮುಟ್ಟಿದ್ದು ಇದು ಮೊದಲನೆಯ ಸಲವಲ್ಲ.

ನಮ್ಮವ್ವ ಕಾದಂಬರಿ ಬರೆಯುತ್ತಿದ್ದಳು. ಆ ಕಾಲದ ದಾವಣಗೆರೆಯಲ್ಲಿ, ಬಟ್ಟೆ ವ್ಯಾಪಾರದ ಮನೆಯ ಸೊಸೆ ಕಾದಂಬರಿ ಬರೆಯುತ್ತಾಳೆ ಎಂದರೆ, ಬೀದಿಯವರಿಗೆ ಅದು ಸಿಗರೇಟು ಸೇದುತ್ತಾಳೆ ಎಂಬಷ್ಟೇ ಕುತೂಹಲದ ಸಂಗತಿ. ಸಾಲದ್ದಕ್ಕೆ ಅವಳು ಹರಿಹರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ದಿನಾ ಬೆಳಿಗ್ಗೆ ಅಡುಗೆ ಮುಗಿಸಿ, ಮಾವನವರ ಪೂಜೆಗೆ ಅಣಿ ಮಾಡಿ, ರೈಲು ಹಿಡಿದು ಹೋಗುವಳು; ಸಂಜೆಯ ರೈಲಿಗೆ ವಾಪಸು. ಆ ಅರ್ಧ ಗಂಟೆಯ ದಾರಿಯಲ್ಲಿ ಬರೆಯುವಳು. ಅವಳ ಹಸ್ತಪ್ರತಿಯ ಯಾವ ಪುಟ ನೋಡಿದರೂ ಅದು ರೈಲಿನಲ್ಲಿ ಹುಟ್ಟಿದ್ದೋ ಮನೆಯಲ್ಲಿ ಹುಟ್ಟಿದ್ದೋ ಹೇಳಬಹುದಿತ್ತು. ರೈಲಿನ ಅಕ್ಷರಗಳು ಚಳಿ ಹಿಡಿದವರ ಹಾಗೆ ನಡುಗುತ್ತಿದ್ದವು. ಮನೆಯ ಅಕ್ಷರಗಳು ನೆಟ್ಟಗಿರುತ್ತಿದ್ದವು, ಆದರೆ ಅಂಚಿಗೆ ಅರಿಸಿನದ ಬೆರಳ ಗುರುತು.

ಬರೆಯುವುದಕ್ಕಿಂತ ತಿದ್ದುವುದೇ ಅವಳಿಗೆ ದೊಡ್ಡ ಕೆಲಸ. ಬರೆದದ್ದನ್ನು ಹೊಡೆದುಹಾಕಿ, ಮೇಲೆ ಬರೆದು, ಅದನ್ನೂ ಹೊಡೆದುಹಾಕಿ, ಕೊನೆಗೆ ಹೊಸ ಹಾಳೆಗೆ ಇಳಿಸಿ, ಮತ್ತೆ ಅದರ ಮೇಲೆ ಗೀಚುವಳು. "ಬಟ್ಟಿ ಹರದು ಹೊಲಿಯೋ ಸಿಂಪಿಗ್ಯಾನ್ನ ನೋಡೀನಿ, ಹೊಲಿದು ಹರಿಯೋಳ್ನ ಇಲ್ಲೇ ನೋಡಿದ್ದು" ಎಂದು ಅಪ್ಪಾಜಿ ನಗುತ್ತಿದ್ದರು. ನಗುತ್ತಲೇ ಅಂಗಡಿಯಿಂದ ಬಟ್ಟೆಯ ಥಾನುಗಳಿಗೆ ಸುತ್ತಿ ಬರುವ ಬಿಳಿ ಕಾಗದ ತಂದುಕೊಡುತ್ತಿದ್ದರು.

ಅವಳು ತಿದ್ದುವ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಕೇಳಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿಯುತ್ತಿದ್ದರು. ಅಜ್ಜಿ, ಎಂದರೆ ಅಪ್ಪಾಜಿಯ ತಾಯಿ, ಒಲೆಯ ಮುಂದೆ. ಅಪ್ಪಾಜಿಯ ತಂಗಿ ಗಂಗತ್ತೆ ಮತ್ತು ಪಕ್ಕದ ಮನೆಯ ಹೆಂಗಸರು ರೊಟ್ಟಿ ಬಡಿಯಲು. ಅವ್ವ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಆ ವಾರ ಬರೆದದ್ದನ್ನು ಓದುವಳು. ಯಾರ ಅಭಿಪ್ರಾಯವನ್ನೂ ಕೇಳುತ್ತಿರಲಿಲ್ಲ. ಕಿವಿ ಮಾತ್ರ ರೊಟ್ಟಿಯ ಸದ್ದಿನ ಮೇಲೆ. ಪಟ ಪಟ ಬಡಿಯುವ ಕೈಗಳು ಒಂದೇ ಲಯದಲ್ಲಿ ನಡೆಯುತ್ತಿದ್ದರೆ ಆ ಸಾಲುಗಳ ಪಕ್ಕ ಸೊನ್ನೆ ಹಾಕುವಳು. ಅದು ಸತ್ತ ಭಾಗ, ಹೋಗಬೇಕು. ಎಲ್ಲಿ ಕೈಗಳು ನಿಂತವೋ ಅದನ್ನು ಮುಟ್ಟುತ್ತಿರಲಿಲ್ಲ. ಕೆಲವು ಭಾನುವಾರ ಒಂದು ಕೈಯೂ ನಿಲ್ಲದೆ ಇಡೀ ಅಧ್ಯಾಯ ಹಿಟ್ಟಿನಲ್ಲಿ ಕಲಸಿ ಹೋಗುತ್ತಿತ್ತು. ಆಗ ಅಜ್ಜಿಗೆ ಖುಷಿ. "ಟೀಚರಮ್ಮ, ಈ ವಾರ ರೊಟ್ಟಿ ಭಾಳ ಛಲೋ ಬಂದ್ವು ನೋಡು" ಎನ್ನುವಳು.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದೆ. ಅದು ಅವ್ವನದೇ ಹಟ. ಅಲ್ಲಿನ ಸಿಸ್ಟರುಗಳು ನನಗೆ ಗ್ರಾಮರು, ಹೊಲಿಗೆ, ಮತ್ತು ಯಾರು ಏನು ಕೇಳಿದರೂ ಮೊದಲು "ಪಾರ್ಡನ್?" ಎನ್ನುವುದನ್ನು ಕಲಿಸಿದರು. ರಜೆಗೆ ಬಂದಾಗ ಅಜ್ಜಿ ಕೂಗಿದರೆ ನಾನು ಪಾರ್ಡನ್ ಎನ್ನುವುದು, ಗಂಗತ್ತೆ "ಪಾರ್ವತಿ ಅಂತ ಯಾರನ್ನ ಕರೀತೈತೆ ಈ ಕೂಸು?" ಎಂದು ಹಿತ್ತಲಿನ ಕಡೆ ನೋಡುವುದು. ಇನ್ನೊಂದು ಚಾಳಿ ನನ್ನದು: ರೊಟ್ಟಿಯ ಕರಕಲಾದ ಅಂಚನ್ನೇ ಮುರಿದು ಮುರಿದು ತಿನ್ನುವುದು. ನಡುವಿನ ಬಿಳಿ ಭಾಗ ಬೇಡ. ಇವೆರಡನ್ನೂ ನೆನಪಿಟ್ಟುಕೊಳ್ಳಿ.

ಅದೊಂದು ವರ್ಷ ಕ್ರಿಸ್‌ಮಸ್ ರಜೆಗೆ ಬಂದಿದ್ದೆ. ಕನ್ನಡ ಶಾಲೆಗಳಿಗೆ ರಜೆ ಇರಲಿಲ್ಲ. ಮನೆಯಲ್ಲಿ ಬೇಸರವೆಂದು ಅವ್ವನ ಜೊತೆ ಹರಿಹರಕ್ಕೆ ಹೋದೆ. ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಬುತ್ತಿ ಬಿಚ್ಚಿ, ರೊಟ್ಟಿ ಹಿಡಿದು ನಿಂತಿದ್ದೆ. ಕಾಗೆ ಬಂದದ್ದು ರೊಟ್ಟಿಗೆ. ರೊಟ್ಟಿ ಸಿಗಲಿಲ್ಲ, ನನ್ನ ತಲೆ ಸಿಕ್ಕಿತು. ಇಡೀ ಶಾಲೆಯ ಹುಡುಗಿಯರು ಒಂದೇ ಸಲ ಬಾಯಿ ಮುಚ್ಚಿಕೊಂಡರು. ಆ ಮೌನದಿಂದ ನನಗೆ ಕಾಗೆಗಿಂತ ಹೆಚ್ಚು ಭಯವಾಯಿತು. ಅವ್ವ ಹೊರಗೆ ಬಂದು, ನನ್ನ ಕೂದಲು ಸರಿಮಾಡಿ, ಹುಡುಗಿಯರ ಕಡೆ ತಿರುಗಿ, ಹಕ್ಕಿಗೆ ಹಸಿವಾಗಿತ್ತು ಅಷ್ಟೆ, ಎಲ್ಲರೂ ಊಟ ಮಾಡಿ ಎಂದಳು. ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸುವ ಟೀಚರು ಮತ್ತೇನು ತಾನೇ ಹೇಳಿಯಾಳು.

ಸುದ್ದಿ ನಮಗಿಂತ ಮೊದಲು ದಾವಣಗೆರೆಗೆ ಬಂದಿತ್ತು. ಸಂಜೆ ನಾವು ಮನೆಗೆ ಕಾಲಿಡುವಾಗ ಅಜ್ಜಿ ಹೊಸಿಲಲ್ಲೇ ನಿಂತಿದ್ದಳು.

"ನಿನ್ನ ತವರಿಗೆ, ಮಲೆಬೆನ್ನೂರಿಗೆ ಒಂದು ಕಾರ್ಡ್ ಬರಿ. ಕೂಸು ಹೋತು ಅಂತ. ನಾಳೆ ಟಪಾಲಿಗೆ ಹಾಕಿಸ್ತೀನಿ."

"ನನ್ನ ಕೈಯಾಗಿಂದ ಸುಳ್ಳು ಬರಿಸಬ್ಯಾಡ್ರಿ ಅತ್ತೆ."

ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದಳು: "ಹಂಗಾದ್ರ ಈಟು ವರ್ಷ ಆ ಹಾಳಿ ತುಂಬ ನೀ ಬರಿಯೋದೇನು?"

"ಅದು ಸುಳ್ಳಲ್ರಿ. ಕಾದಂಬರಿ."

"ಇದನ್ನೂ ಕಾದಂಬರಿ ಅಂತಲೇ ಬರಿ. ಎಂಟು ಸಾಲಿಂದು."

"ನಮ್ಮಪ್ಪಗ ಎದೀನೋವು ಐತೆ. ಕಾರ್ಡ್ ನೋಡಿ ಅವರಿಗೇನಾದ್ರೂ ಆದ್ರೆ? ನಾ ಬರಿಯಲ್ರಿ."

ಅವ್ವ ಒಳಗೆ ಹೋದಳು. ಬೇರೆಯವರ ಕೈಯಲ್ಲಿ ಬರೆಸಬಾರದೇ ಎಂದು ನೀವು ಕೇಳಬಹುದು. ಹೆತ್ತವಳು ಒಪ್ಪದೆ ಕಳಿಸಿದ ಸುದ್ದಿ ತಾಗುವುದಿಲ್ಲ ಎಂದು ಅಜ್ಜಿಯ ವಾದ. ಅತ್ತೆ ಸೊಸೆ ಮಾತು ಬಿಟ್ಟರು. ಮನೆಯಲ್ಲಿ ತಟ್ಟೆ ಲೋಟಗಳೇ ಮಾತಾಡುತ್ತಿದ್ದವು.

ಆ ವಾರ ಕಳೆಯುವುದರೊಳಗೆ ನನಗೆ ಜ್ವರ ಹಿಡಿಯಿತು. ಡಾಕ್ಟರು ಟೈಫಾಯಿಡ್ ಎಂದರು.

ಆ ದಿನಗಳು ನನಗೆ ತುಂಡು ತುಂಡಾಗಿ ನೆನಪಿವೆ. ಹಣೆಯ ಮೇಲೆ ಒದ್ದೆ ಬಟ್ಟೆ. ಮೋಸಂಬಿಯ ವಾಸನೆ. ಅಜ್ಜಿ ಬಂದು ವಿಭೂತಿ ಹಚ್ಚಿ, ಅವ್ವನ ಕಡೆ ನೋಡದೆ ಹೋಗುವುದು. ಅಪ್ಪಾಜಿ ಅಂಗಡಿಯಿಂದ ನಡುನಡುವೆ ಬಂದು ಬಾಗಿಲಲ್ಲಿ ನಿಂತು, ಒಳಗೆ ಬರಲು ಹೆದರಿ, ಹಾಗೇ ಹಿಂದಿರುಗುವುದು. ಮತ್ತು ಎಡೆಬಿಡದೆ, ಕಿವಿಯ ಹತ್ತಿರವೇ, ನಿಬ್ಬು ಕಾಗದ ಕೆರೆಯುವ ಸದ್ದು. ಅವ್ವ ರಜೆ ಹಾಕಿ ನನ್ನ ಮಂಚದ ಪಕ್ಕ ಕೂತಿದ್ದಳು. ಶಾಲೆಯಿಂದ ಹೆಡ್‌ಮಿಸ್ಟ್ರೆಸ್ಸು ಹೇಳಿಕಳಿಸುತ್ತಿದ್ದರು. ಹಸ್ತಪ್ರತಿ ಬೇಗ ಕಳಿಸಿ, ಪ್ರೆಸ್ಸು ಕಾಯುತ್ತಿದೆ ಎಂದು ಪ್ರಕಾಶಕರು ಒತ್ತಾಯಿಸುತ್ತಿದ್ದರು. ಅವಳ ಒಂದು ಕೈ ನನ್ನ ಕೈಯಲ್ಲಿ, ಇನ್ನೊಂದು ಕೈ ಬರೆಯುತ್ತಿತ್ತು.

ನಾನು ಉಳಿದೆ. ಅದು ನಿಮಗೆ ಗೊತ್ತೇ ಇದೆ. ಎದ್ದು ಗೋಡೆ ಹಿಡಿದು ನಡೆಯುವಂತಾದ ಮೇಲಿನ ಮೊದಲ ಭಾನುವಾರ ನನ್ನನ್ನು ಕಂಬಳಿ ಸುತ್ತಿ ಅಡುಗೆಮನೆಯ ಗೋಡೆಗೆ ಒರಗಿಸಿ ಕೂಡಿಸಿದರು. ಅವ್ವ ಕೊನೆಯ ಅಧ್ಯಾಯ ಓದಲು ಕೂತಳು.

ಆ ಕಾದಂಬರಿಯ ಹುಡುಗಿಯ ಹೆಸರು ನೀಲಾ. ಮನೆಯವರ ವಿರೋಧ ಕಟ್ಟಿಕೊಂಡು ಓದುವ ಹುಡುಗಿ. ಕೊನೆಯ ಅಧ್ಯಾಯವನ್ನು ರಜೆಯ ಶುರುವಿನಲ್ಲೇ ಎಲ್ಲರೂ ಕೇಳಿದ್ದರು. ಅದರಲ್ಲಿ ನೀಲಾ ಹರಿಹರದ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಹೊಳೆಯ ಸೇತುವೆ ದಾಟಿ, ಕಾಲೇಜು ಓದಲು ಧಾರವಾಡಕ್ಕೆ ಹೋಗುತ್ತಾಳೆ. ರೈಲು ಸೇತುವೆಯ ಮೇಲೆ ಬಂದಾಗ ಒಂದು ಕೈಯೂ ರೊಟ್ಟಿ ಬಡಿದಿರಲಿಲ್ಲ. ಹೀಗಾಗಿ ಅದು ಪಾಸಾದ ಅಧ್ಯಾಯ, ತಿದ್ದುವ ಹಾಗಿರಲಿಲ್ಲ.

ಈಗ ಅವ್ವ ಓದಿದ್ದರಲ್ಲಿ ನೀಲಾಳಿಗೆ ಜ್ವರ ಬಂದಿತ್ತು.

ಗಂಗತ್ತೆ ಹಿಟ್ಟಿನ ಕೈಯಲ್ಲೇ ತಡೆದಳು. "ಏ ಅತ್ತಿಗೆ, ಹೋದ ಸಲ ರೈಲು ಹತ್ತಿಸಿದ್ದೆಲ್ಲ. ಯಾವ ಸ್ಟೇಷನ್ನಾಗ ಇಳಿಸಿ ಕರ್ಕೊಂಬಂದಿ?"

ಅವ್ವ ಓದುತ್ತ ಹೋದಳು. ನೀಲಾ ಕೂಗಿದರೆ ಪಾರ್ಡನ್ ಎನ್ನುತ್ತಿದ್ದಳಂತೆ. ನೀಲಾ ರೊಟ್ಟಿಯ ಕರಕಲು ಅಂಚನ್ನು ಮುರಿದು ತಿನ್ನುತ್ತಿದ್ದಳಂತೆ. ಹಿಂದಿನ ಯಾವ ಅಧ್ಯಾಯದಲ್ಲೂ ಇವು ಇರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ಪಟ ಪಟ ಸದ್ದು ಒಂದು ಕಡೆ ನಿಂತಿತು, ಇನ್ನೊಂದು ಕಡೆ ನಿಂತಿತು, ಆಮೇಲೆ ಎಲ್ಲೂ ಇರಲಿಲ್ಲ. ನೀಲಾಳ ಅಂಗಳದಲ್ಲಿ ಜನ ಸೇರಿದರು. ಬಾಗಿಲ ಮುಂದೆ ಚಪ್ಪಲಿ ತುಂಬಿದವು. ಅವಳ ಅಜ್ಜಿ ಹಣೆಗೆ ವಿಭೂತಿ ಹಚ್ಚಿದಳು. ಹಂಚಿನ ಮೇಲೆ ಯಾರೂ ಮಗುಚದ ರೊಟ್ಟಿಯ ಅಂಚು ಕರಕಾಯಿತು. ಕೂಗಿದರೆ ಪಾರ್ಡನ್ ಎಂಬ ದನಿ ಬರಲಿಲ್ಲ.

ಅಷ್ಟರಲ್ಲಿ ನಮ್ಮಜ್ಜಿ ಸೆರಗು ಬಾಯಿಗೆ ಒತ್ತಿ, ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವ ದನಿಯಲ್ಲಿ ಅಳಲು ಶುರುಮಾಡಿದಳು. "ನನ್ನ ನೀಲಾ, ನನ್ನ ಬಂಗಾರ, ಅಂಚು ತಿನ್ನೋ ಗಿಣಿಯೇ." ಉಳಿದವರು ಬೆಪ್ಪಾಗಿ ನೋಡುತ್ತಿದ್ದರು. ಅಜ್ಜಿ ಅಳುವನ್ನು ನಿಲ್ಲಿಸಿ, ಮಾಮೂಲು ದನಿಯಲ್ಲಿ ಗದರಿದಳು: "ಏನ್ ನೋಡ್ತೀರೆ? ಅಳ್ರಿ." ಮತ್ತೆ ಅದೇ ರಾಗಕ್ಕೆ ಹೋದಳು. ಗಂಗತ್ತೆ ಅತ್ತಳು. ಪಕ್ಕದ ಮನೆಯವರು ಅತ್ತರು. ಅವ್ವನ ತುಟಿ ಅಲ್ಲಾಡುತ್ತಿತ್ತು, ಇನ್ನೂ ಒಂದು ಸಾಲು ಓದುತ್ತಿದ್ದಳು. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಓದಿ ಮುಗಿಸಿ ಹಾಳೆಗಳನ್ನು ಜೋಡಿಸಿದಳು. ಅಜ್ಜಿ ಕಣ್ಣೊರೆಸಿಕೊಂಡು, ಅಷ್ಟು ದಿನಗಳ ಮೇಲೆ ಮೊದಲ ಸಲ ಸೊಸೆಯ ಜೊತೆ ಮಾತಾಡಿದಳು. "ಕೂಡು, ಒಂದು ಲೋಟ ಚಾ ಕುಡಿ."

ನನ್ನ ಸ್ಥಿತಿ ಹೇಗೆಂದು ಹೇಳಲಿ. ಸ್ಪೀಚ್‌ಲೆಸ್ ಎಂಬ ಪದ ಕಾನ್ವೆಂಟಿನಲ್ಲಿ ಕಲಿತಿದ್ದೆ, ಅರ್ಥ ಅಂದು ಗೊತ್ತಾಯಿತು. ಹೆತ್ತ ತಾಯಿ ನನ್ನನ್ನು ಕೊಂದು, ಅದನ್ನು ನನ್ನ ಮುಂದೆಯೇ ಓದಿ, ಚಾ ಕುಡಿಯುತ್ತಿದ್ದಳು. ಮಂಚದ ಪಕ್ಕ ಕೈ ಹಿಡಿದು ಕೂತು ಅವಳು ಬರೆಯುತ್ತಿದ್ದದ್ದು ಇದನ್ನೇ. ನಾನು ಅಳಲಿಲ್ಲ. ನನ್ನ ಕಣ್ಣು ಒಣಗಿ ಉರಿಯುತ್ತಿತ್ತು.

ಹಾಸ್ಟೆಲಿಗೆ ವಾಪಸಾದೆ. ಮುಂದಿನ ಬೇಸಿಗೆ ರಜೆಯಲ್ಲಿ ಇನ್ನೊಂದು ಆಘಾತ ಕಾದಿತ್ತು. ಪ್ರೆಸ್ಸಿನಿಂದ ಪ್ರೂಫು ಬಂದಿತ್ತು. ಜೊತೆಗಿದ್ದ ಚೀಟಿಯನ್ನು ಅಪ್ಪಾಜಿ ಜೋರಾಗಿ ಓದಿದರು: ಕೊನೆಯ ವಾಕ್ಯದಲ್ಲಿ ಕಾಲ ತಪ್ಪಿದೆ, ಇಡೀ ಪುಸ್ತಕ ಭೂತಕಾಲದಲ್ಲಿದ್ದು ಇದೊಂದು ವರ್ತಮಾನದಲ್ಲಿದೆ, ಸರಿಪಡಿಸಿದ್ದೇವೆ.

"ತಿದ್ದಬ್ಯಾಡ್ರಿ, ಇದ್ದಂಗೇ ಇರಲಿ ಅಂತ ತಂತಿ ಕೊಡ್ರಿ" ಎಂದಳು ಅವ್ವ.

"ಒಂದು ಅಕ್ಷರಕ್ಕ ತಂತಿ ಏನೇ?"

"ಹೂಂ. ಇವತ್ತೇ."

ಟೆನ್ಸು ತಪ್ಪಿದರೆ ಸಿಸ್ಟರು ಸ್ಕೇಲಿನಿಂದ ಬೆರಳ ಗೆಣ್ಣಿಗೆ ಹೊಡೆಯುವ ಶಾಲೆಯವಳು ನಾನು. ಒಬ್ಬ ಟೀಚರು ಗೊತ್ತಿದ್ದೂ ತಪ್ಪನ್ನು ಅಚ್ಚು ಹಾಕಿಸುತ್ತಾಳೆ ಎಂಬುದು ನನಗೆ ನಾಚಿಕೆಯ ವಿಷಯವಾಗಿತ್ತು. ಆ ವಾಕ್ಯ ಯಾವುದೆಂದು ಮಾತ್ರ ನಾನು ನೋಡಲಿಲ್ಲ. ನನ್ನ ಹೆಣದ ವಾಕ್ಯವನ್ನು ನಾನೇ ಯಾಕೆ ನೋಡಲಿ.

ಪುಸ್ತಕ ಬಂತು. ಊರೂರಲ್ಲಿ ಹೆಂಗಸರು ಅತ್ತರು. ವಿಮರ್ಶೆ ಬರೆದವರು ಮಾತ್ರ, ಲೇಖಕಿ ಕೊನೆಗೆ ಕೈ ಸೋತಿದ್ದಾರೆ, ನೀಲಾಳ ಸಾವು ಹೊರಗಿನಿಂದ ತಂದು ಹಚ್ಚಿದಂತಿದೆ ಎಂದರು. ಅದು ನಿಜವೂ ಆಗಿತ್ತು. ಅವ್ವನಿಗೆ ತಾನು ಬರೆದದ್ದರ ಬೆಲೆ ಚೆನ್ನಾಗಿ ಗೊತ್ತಿತ್ತು. ಆ ಸೇತುವೆಯ ಅಧ್ಯಾಯ ಅವಳು ಬರೆದದ್ದರಲ್ಲೇ ಒಳ್ಳೆಯದು. ಅರವತ್ತರ ದಶಕದ ಕೊನೆಗೆ ಎರಡನೇ ಮುದ್ರಣದ ಮಾತು ಬಂದಾಗ ಪ್ರಕಾಶಕರೇ ಮನೆಗೆ ಬಂದು, ಹಳೆಯ ಕೊನೆ ಇದ್ದರೆ ಕೊಡಿ, ಹುಡುಗಿಯನ್ನು ರೈಲು ಹತ್ತಿಸಿಬಿಡೋಣ, ಪಠ್ಯಪುಸ್ತಕಕ್ಕೂ ಆಗುತ್ತದೆ ಎಂದರು. ಆಗ ನನ್ನ ಮದುವೆ ನಿಶ್ಚಯವಾಗಿತ್ತು. ಒಳಗಿನಿಂದ ಕೇಳಿಸಿಕೊಂಡೆ.

"ಅಚ್ಚಾದ ಮೇಲೆ ತಿದ್ದಬಾರದು" ಎಂದಳು ಅವ್ವ.

ಅವಳ ಬಾಯಲ್ಲಿ ಆ ಮಾತು. ಬೇರೆ ಪುಸ್ತಕಗಳ ಅಚ್ಚಾದ ಪ್ರತಿಗಳ ಮೇಲೂ ಪೆನ್ಸಿಲಿನಿಂದ ತಿದ್ದುತ್ತ ಕೂರುತ್ತಿದ್ದವಳು. ಪ್ರಕಾಶಕರು ಹೋದ ಮೇಲೆ ನಾನು ಕೇಳಿಯೇಬಿಟ್ಟೆ: "ಮಮ್ಮಿ, ಅವಳನ್ನ ಯಾಕೆ ಸಾಯಿಸಿದೆ?" ಸಿಟ್ಟು ಬಂದಾಗ ನಾನು ಅವಳನ್ನು ಮಮ್ಮಿ ಎನ್ನುತ್ತಿದ್ದೆ.

"ಕಾದಂಬರಿಗೆ ಬೇಕಿತ್ತು" ಎಂದು ಎದ್ದು ಒಳಗೆ ಹೋದಳು.

ಅಜ್ಜಿ ಅಲ್ಲೇ ಬತ್ತಿ ಹೊಸೆಯುತ್ತಿದ್ದಳು. "ಆಕಿನ್ನ ಕೇಳಬ್ಯಾಡ, ಆಕಿ ಒಪ್ಪಂಗಿಲ್ಲ" ಎಂದಳು. "ಮಲೆಬೆನ್ನೂರಿಗೆ ಒಂದು ಕಾರ್ಡ್ ಬರಿ ಅಂದೆ. ಬರೀಲಿಲ್ಲ. ಇಡೀ ಸೀಮಿಗೆ ಬರದ್ಲು. ಇನ್ನ ಯಾವ ಕಾಗಿ ನಿನ್ನ ಏನ್ ಮಾಡ್ತೈತೆ?"

ಅಂದು ಅರ್ಥವಾಯಿತು, ಆದರೆ ಪೂರ್ತಿ ಆಗಿರಲಿಲ್ಲ. ಅವ್ವ ಭಯಕ್ಕೆ ಸೋತು ತನ್ನ ಮಾತು ಮುರಿದಳು, ಸುಳ್ಳು ಬರೆದಳು, ಒಳ್ಳೆಯ ಪುಸ್ತಕವೊಂದನ್ನು ನನಗಾಗಿ ಕೆಡಿಸಿದಳು ಎಂದುಕೊಂಡೆ. ಇಷ್ಟು ವರ್ಷ ಹಾಗೆಂದೇ ನಂಬಿದ್ದೆ. ಪುಸ್ತಕವನ್ನು ಎಷ್ಟೋ ಸಲ ಓದಿದ್ದೇನೆ, ಕೊನೆಯ ಅಧ್ಯಾಯಕ್ಕೆ ಬರುತ್ತಲೇ ಮುಚ್ಚಿಡುತ್ತಿದ್ದೆ.

ಇವತ್ತು ತಾರಸಿಯಿಂದ ಇಳಿದು ಬಂದವಳು ಕಪಾಟಿನಿಂದ ಅದನ್ನು ತೆಗೆದೆ. ರುದ್ರವ್ವ ರೊಟ್ಟಿಗೆ ಕೂತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡೆ.

"ಫೋನು ಬೇಡ ರುದ್ರವ್ವ. ಒಂದು ಕತೆ ಓದುತ್ತೇನೆ, ಕೇಳು."

"ಓದ್ರಿ. ಟಿವಿ ಹೆಂಗೂ ಕೆಟ್ಟೈತೆ."

ಓದಿದೆ. ಜ್ವರ ಬಂತು. ಪಟ ಪಟ ನಡೆದೇ ಇತ್ತು. ಅಂಗಳದಲ್ಲಿ ಜನ ಸೇರಿದರು. ಸದ್ದು ನಿಧಾನವಾಯಿತು. ಅಜ್ಜಿ ವಿಭೂತಿ ಹಚ್ಚಿದಳು. ರುದ್ರವ್ವನ ಕೈ ನಿಂತಿತು. ಕೂಗಿದರೆ ಪಾರ್ಡನ್ ಎಂಬ ದನಿ ಬರಲಿಲ್ಲ. ರುದ್ರವ್ವ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಉಳಿದದ್ದು ಒಂದೇ ವಾಕ್ಯ, ಆ ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳದ್ದು, ಅಪ್ಪಾಜಿ ತಂತಿ ಕೊಟ್ಟು ಉಳಿಸಿದ್ದು.

"ನೀಲಾ ಮಲಗಿದ್ದಾಳೆ."

ಅಷ್ಟೇ. ನಾನು ಮತ್ತೆ ಮತ್ತೆ ನೋಡಿದೆ. ಹಿಂದಿನ ಪುಟ ತಿರುವಿದೆ, ಅಧ್ಯಾಯವನ್ನು ಬೆರಳಿಟ್ಟು ಹುಡುಕಿದೆ. ಸತ್ತಳು ಎಂದು ಎಲ್ಲೂ ಇಲ್ಲ. ಲಿಂಗೈಕ್ಯಳಾದಳು ಎಂದಿಲ್ಲ, ಉಸಿರು ನಿಂತಿತು ಎಂದಿಲ್ಲ. ಜ್ವರದ ಹುಡುಗಿಯ ಮನೆಗೆ ಜನ ಬಂದಿದ್ದಾರೆ, ಅಜ್ಜಿ ವಿಭೂತಿ ಹಚ್ಚಿದ್ದಾಳೆ, ರೊಟ್ಟಿ ಮಗುಚುವವರಿಲ್ಲ, ಹುಡುಗಿ ಕೂಗಿಗೆ ಏಳುವುದಿಲ್ಲ. ಮಲಗಿದ್ದಾಳೆ. ಮಲಗಿದ್ದಳು ಅಲ್ಲ, ಮಲಗಿದ್ದಾಳೆ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಮಲಗಿರುವವರು ಬದುಕಿರುವವರು. ಇದು ನಮ್ಮ ಮನೆಯ ಕೂಸಿಗೂ ಗೊತ್ತು. ಅಜ್ಜಿಯ ಅಳು ಮೊದಲಾಗಿರದಿದ್ದರೆ ಆ ಅಡುಗೆಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಿದ್ದರು.

ಅವ್ವ ಸುಳ್ಳು ಬರೆದಿರಲಿಲ್ಲ. ಮಂಚದ ಪಕ್ಕ ನನ್ನ ಕೈ ಹಿಡಿದು ಕೂತು, ತಲೆ ಎತ್ತಿ ನೋಡಿ, ಕಣ್ಣೆದುರಿಗೆ ಇದ್ದದ್ದನ್ನು ಇದ್ದ ಕಾಲದಲ್ಲೇ ಬರೆದಿದ್ದಳು. ಊರೆಲ್ಲ ಅಳುವುದಿದ್ದರೆ ಅಳಲಿ, ತನ್ನ ಕೈಯಿಂದ ಸತ್ತಳು ಎಂಬ ಆ ಒಂದು ಕ್ರಿಯಾಪದ ಬರದಿರಲಿ ಎಂದು. ಎಲ್ಲವನ್ನೂ ತಿದ್ದುವವಳು ಆ ವಾಕ್ಯವೊಂದನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಪುಸ್ತಕದ ಅಕ್ಷರಗಳು ರೈಲಿನ ಅಕ್ಷರಗಳ ಹಾಗೆ ನಡುಗತೊಡಗಿದವು. ನೀಲಾಳಿಗಾಗಿ ನಾನು ಒಮ್ಮೆಯೂ ಅತ್ತವಳಲ್ಲ. ಇವತ್ತು ಅತ್ತದ್ದೂ ಅವಳಿಗಾಗಿ ಅಲ್ಲ.

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತ್ತು. ರುದ್ರವ್ವ ಗಾಬರಿಯಿಂದ ಅದನ್ನು ಎತ್ತಿ ತಟ್ಟೆಗೆ ಹಾಕಿದಳು. "ಹೋತು ಬಿಡ್ರಿ ಇದು, ದನಕ್ಕ ಹಾಕ್ತೀನಿ. ಅಮ್ಮಾರೆ, ಆ ಹುಡುಗಿ ಹೋಗೇಬಿಟ್ಲೇನ್ರಿ?"

"ಪಾರ್ಡನ್?" ಎಂದೆ, ಮೂಗು ಒರೆಸಿಕೊಳ್ಳುತ್ತ.

ನಾನು ತಟ್ಟೆಗೆ ಕೈ ಹಾಕಿ ರೊಟ್ಟಿಯ ಕರಕಲು ಅಂಚನ್ನು ಮುರಿದು ಬಾಯಿಗಿಟ್ಟುಕೊಂಡೆ. ಮುಂದಿನ ರೊಟ್ಟಿಗೆ ಹಿಟ್ಟು ಎತ್ತಿಕೊಂಡಿದ್ದ ರುದ್ರವ್ವನ ಕೈ ಅಲ್ಲೇ ನಿಂತಿತು.